ಕಟಕಟೆಗೆ ಬಾರದವನು

ಮುಂಬಯಿಯ ಬೈಕುಲ್ಲಾದಲ್ಲಿ ಹೆಂಗಸರ ಜೈಲಿದೆ. ಮರಾಠಿ ಜನಕವಿ, ಶಾಹಿರ ಅಣ್ಣಾಭಾವೂ ಸಾಠೆಯ ಹೆಸರಿನ ನಾಟ್ಯಗೃಹವೂ ಅಲ್ಲಿಯದೇ. ತಪ್ಪು ಯಾರದೆಂಬ ಪ್ರಶ್ನೆ ಜೈಲಿಗೂ ರಂಗಕ್ಕೂ ಸೇರಿದ್ದು. ಆದರೆ ಕಾನೂನಿಗೆ ಕಲಂ ಬೇಕು, ಎದುರಿಗೆ ನಿಂತ ಆರೋಪಿ ಬೇಕು. ಆಧುನಿಕ ನಾಟಕವನ್ನು ಕಾಡುವವನು ಕಟಕಟೆಗೆ ಬಾರದೆ ಉಳಿದವನು.

ಇದೇ ಮುಂಬಯಿಯ ವಿಜಯ್ ತೆಂಡೂಲ್ಕರ್ 1963ರಲ್ಲಿ ಬರೆದ, 1967ರಲ್ಲಿ ರಂಗಕ್ಕೆ ಬಂದ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ನೋಡಿ. ಹಳ್ಳಿಗೆ ನಾಟಕವಾಡಲು ಬಂದ ಹವ್ಯಾಸಿಗಳು ಹೊತ್ತು ಹೋಗಲೆಂದು ಹುಸಿ ವಿಚಾರಣೆ ಹೂಡುತ್ತಾರೆ. ಶಿಕ್ಷಕಿ ಬೇಣಾರೆಯ ಮೇಲೆ ಶಿಶುಹತ್ಯೆಯ ಆರೋಪ. ನೋಡನೋಡುತ್ತ ಆಟ ಬೇಟೆಯಾಗುತ್ತದೆ. ಅವಳ ಬಸಿರಿಗೆ ಕಾರಣನಾದ ಪ್ರೊಫೆಸರ್ ದಾಮ್ಲೆ ತಂಡದವನೇ, ಅವತ್ತು ಬಂದಿಲ್ಲ. ಅವನ ಮೇಲೂ ಆರೋಪ ಹೊರಿಸಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನ್ಯಾಯಾಧೀಶ ಕಾಶೀಕರ್ ಪೀಠ ಬಿಟ್ಟಿಳಿದು ತಾನೇ ಸಾಕ್ಷಿ ನುಡಿಯುತ್ತಾನೆ. ಎರಡೂ ಪಕ್ಷಕ್ಕೆ ಸುಖಾತ್ಮೆ ಒಬ್ಬನೇ ವಕೀಲ. ಶಿಶುಹತ್ಯೆಗೆ ಸಿಕ್ಕ ಶಿಕ್ಷೆ? ಹೊಟ್ಟೆಯಲ್ಲಿರುವ ಕೂಸು ಉಳಿಯಕೂಡದು. ತೀರ್ಪೇ ಅಪರಾಧ.

ಕಾರ್ನಾಡರ ‘ಯಯಾತಿ’ (1961) ತಪ್ಪು ಯಾರದೆಂಬ ಇದೇ ಪ್ರಶ್ನೆಯನ್ನು ಪುರಾಣದೊಳಗೇ ಕೆದಕಿತ್ತು. ಅಪ್ಪ ಯಯಾತಿಗೆ ತಟ್ಟಿದ ಮುಪ್ಪಿನ ಶಾಪವನ್ನು ಮಗ ಪುರು ಹೊತ್ತ. ವಿಷ ಕುಡಿದವಳು, ಆ ಶಾಪಕ್ಕೆ ಏನೇನೂ ಸಂಬಂಧವಿಲ್ಲದ ಸೊಸೆ ಚಿತ್ರಲೇಖೆ. ಮಹಾಭಾರತ ಹೊಗಳಿದ ಪಿತೃಭಕ್ತಿಯ ಬಾಕಿಯನ್ನು ನಾಟಕ ಅವಳ ಕೈಯಿಂದ ವಸೂಲಿ ಮಾಡಿ ತೋರಿಸಿತು.

ಹಾಗಾದರೆ ಎಲ್ಲರೂ ತಪ್ಪಿತಸ್ಥರೆ? ಈ ಮಾತು ಕೇಳಲು ಉದಾತ್ತ, ನನಗೆ ಮಾತ್ರ ಅನುಮಾನ. ಎಲ್ಲರ ತಲೆಗೂ ಹಂಚಿದ ಹೊಣೆ ಯಾರನ್ನೂ ತಟ್ಟುವುದಿಲ್ಲ. ತೆಂಡೂಲ್ಕರ್ ಹಾಗೆ ಹಂಚುವುದಿಲ್ಲ: ಕಾಶೀಕರರ ಅನ್ನದ ಹಂಗಿನ ಹುಡುಗ ರೋಕಡೆಯ ಹೇಡಿತನ ಬೇರೆ, ಕಾಶೀಕರನ ಗತ್ತು ಬೇರೆ, ದಾಮ್ಲೆಯ ಗೈರುಹಾಜರಿ ಬೇರೆ. ಬೇಣಾರೆಗಾಗಿ ಕಣ್ಣೊರೆಸಿಕೊಂಡು, ತಾನೆಷ್ಟು ಮೃದುಹೃದಯಿ ಎಂದು ಮೆಚ್ಚಿಕೊಳ್ಳುತ್ತ ಕೊನೆಯ ಲೋಕಲ್ ಹಿಡಿಯುವ ಪ್ರೇಕ್ಷಕ ದಾಮ್ಲೆಗೇ ಉಪಕಾರ ಮಾಡಿದಂತೆ. ಪಶ್ಚಾತ್ತಾಪದ ರುಚಿ ಹತ್ತಿದವನಿಗೆ ಹೊಣೆ ಹೊರುವ ತುರ್ತು ಇರುವುದಿಲ್ಲ.

2017ರ ಜೂನ್‌ನಲ್ಲಿ ಬೈಕುಲ್ಲಾ ಜೈಲಿನ ಕೈದಿಯೊಬ್ಬಳು ಸತ್ತಳು. ಸಿಬ್ಬಂದಿಯ ಹೊಡೆತವೇ ಕಾರಣವೆಂಬ ಆರೋಪದ ಮೇಲೆ 6 ಮಂದಿಯ ಬಂಧನವಾಯಿತು. ಸಾವನ್ನು ಪ್ರತಿಭಟಿಸಿದ ಕೈದಿಗಳ ಮೇಲೂ ದೊಂಬಿಯ ಕೇಸು ಬಿತ್ತು. ಯಾರ ಕೈ ಹೊಡೆಯಿತು ಎಂಬುದು ಕೋರ್ಟಿನ ಕೆಲಸ. ಆ ಹೊತ್ತಿನಲ್ಲಿ ಗೊತ್ತಿದ್ದೂ ಸುಮ್ಮನಿದ್ದವರಿದ್ದರೆ ಅವರನ್ನು ಕಲಂ ಹುಡುಕಿಕೊಂಡು ಹೋಗುವುದು ಅಪರೂಪ. ಅವರಿಗೊಂದು ಪಾತ್ರ ಬರೆಯುವ ಕೆಲಸ ನಾಟಕಕಾರನದು.