ಕೋಲಿಗೂ ಮುಂಚೆ ಕಣ್ಣು

ಪ್ರಾಜೆಕ್ಟ್ ಎಕ್ಸ್‌ಪೋ ಅಂದ್ರೆ ಅಂಧರಿಗಾಗಿ ಒಂದು ಸ್ಮಾರ್ಟ್ ಕೋಲು ಇದ್ದೇ ಇರುತ್ತೆ. ಆರ್ಡುಯಿನೋ, ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಬಜರ್. ಕೋಲು ಬೇಡ ಅಂತಲ್ಲ. ಆದರೆ ಕಣ್ಣು ಹೋದ ಮೇಲೆ ಏನು ಮಾಡೋದು ಅಂತ ಯೋಚಿಸುವ ನಾವು, ಹೋಗದ ಹಾಗೆ ಏನು ಮಾಡಬಹುದು ಅಂತ ಯಾಕೆ ಯೋಚಿಸಲ್ಲ?

ಅರಸೀಕೆರೆ ತಾಲ್ಲೂಕಿನ ಗಂಡಸಿಯಂಥ ಊರುಗಳಲ್ಲಿ ವಯಸ್ಸಾದವರಿಗೆ ಕಣ್ಣು ಮಂಜಾದರೆ, "ಪೊರೆ ಇರ್ಬೇಕು, ಕೊಬ್ಬರಿ ಮಾರಿದ್ಮೇಲೆ ಆಪರೇಷನ್ ಮಾಡಿಸೋಣ" ಅಂದುಬಿಡುವುದು ಸುಲಭ. ಪೊರೆಯೇ ಆದರೆ ಲೆನ್ಸ್ ಹಾಕಿಸಿದಾಗ ಸಾಮಾನ್ಯವಾಗಿ ನೋಟ ಮರಳುತ್ತೆ. ರೆಟಿನಾ ಹಾಗೆ ಕಾಯಲ್ಲ. ಅಲ್ಲಿರುವ ಬೆಳಕು ಗ್ರಹಿಸುವ ಕೋಶಗಳು ಒಮ್ಮೆ ಸತ್ತರೆ ನಮ್ಮ ದೇಹ ಹೊಸದನ್ನು ಬೆಳೆಸಲ್ಲ. ಸಕ್ಕರೆ ಕಾಯಿಲೆ ರೆಟಿನಾದ ಸಣ್ಣ ರಕ್ತನಾಳಗಳನ್ನು ಕೆಡಿಸುವಾಗ ಮೊದಮೊದಲು ನೋವೂ ಇರಲ್ಲ, ಮಂಜೂ ಇರಲ್ಲ. ಗೊತ್ತಾಗುವಷ್ಟರಲ್ಲಿ ತಡವಾಗಿರಬಹುದು.

ಜೀನ್ ಥೆರಪಿ ಬಂದಿದೆಯಲ್ಲ ಅನ್ನಬಹುದು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ, ಆರ್‌ಪಿಇ65 ಎಂಬ ಒಂದೇ ಜೀನ್‌ನ ದೋಷಕ್ಕೆ ಇರುವ ಚಿಕಿತ್ಸೆ. ಎರಡೂ ಕಣ್ಣಿಗೆ ಅಂದು ನಿಗದಿಯಾದ ಬೆಲೆ 8.5 ಲಕ್ಷ ಡಾಲರ್. ಅದಕ್ಕೂ ಜೀವಂತ ಕೋಶಗಳು ಸಾಕಷ್ಟು ಉಳಿದಿರಬೇಕು.

ಅಂದರೆ ಮುಖ್ಯವಾದದ್ದು ಸಮಯಕ್ಕೆ ತಲುಪುವುದು. ಅದನ್ನು ನಮ್ಮ ರಾಜ್ಯದಲ್ಲೇ ಮಾಡಿ ತೋರಿಸಿದ್ದಾರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರಲ್ಲ. ಅಡ್ಡಾದಿಡ್ಡಿ ಬೆಳೆದರೆ ರೆಟಿನಾವೇ ಕಿತ್ತುಬಂದು ಮಗು ಕುರುಡಾಗಬಹುದು. ಇದನ್ನು ತಡೆಯಲು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ ನೇತೃತ್ವದಲ್ಲಿ 2008ರಲ್ಲಿ ಕಿಡ್‌ರಾಪ್ ಶುರುವಾಯಿತು. ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಜಿಲ್ಲೆಗಳ ಆಸ್ಪತ್ರೆಗಳಿಗೆ ಕ್ಯಾಮೆರಾ ಒಯ್ದು ಹಸುಗೂಸುಗಳ ರೆಟಿನಾ ಫೋಟೋ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಬೇಕಾದ ಮಗುವಿಗೆ ಸಮಯಕ್ಕೆ ಲೇಸರ್ ಸಿಗುತ್ತೆ. ಆಪ್ಟಿಕ್ಸ್, ಇಮೇಜ್ ಕಂಪ್ರೆಷನ್, ನೆಟ್‌ವರ್ಕ್: ಇದರಲ್ಲಿ ಅರ್ಧ ನಮ್ಮ ಸಿಲಬಸ್ಸೇ ಇದೆ!

ಸಕ್ಕರೆ ಕಾಯಿಲೆಗೂ ಇದೇ ದಾರಿ ಆಗುತ್ತೆ. ಗಂಡಸಿಯ ಅಜ್ಜಿ ಒಂದು ದಿನದ ಕೆಲಸ ಬಿಟ್ಟು ಹಾಸನದ ಬಸ್ ಹತ್ತುವ ಬದಲು, ವರ್ಷಕ್ಕೊಮ್ಮೆ ಕ್ಯಾಮೆರಾವೇ ಗಂಡಸಿಗೆ ಬರಲಿ. ಕಡಿಮೆ ಖರ್ಚಿನ ರೆಟಿನಾ ಕ್ಯಾಮೆರಾ, ಫೋಟೋ ಮಸುಕಾದರೆ ಅಲ್ಲೇ ಎಚ್ಚರಿಸುವ ಆ್ಯಪ್, ಮರುಪರೀಕ್ಷೆಗೆ ಬಾರದವರಿಗೆ ಕನ್ನಡದಲ್ಲಿ ಫೋನ್ ಮಾಡುವ ವ್ಯವಸ್ಥೆ: ಕಣ್ಣಿನ ಡಾಕ್ಟರ ಜೊತೆ ಕೂತು ಮಾಡಿದರೆ ಇವೆಲ್ಲ ನಮ್ಮ ಕೈಗೆಟುಕದ ಪ್ರಾಜೆಕ್ಟ್‌ಗಳೇನಲ್ಲ.

ಅಲ್ಲಿವರೆಗೂ ಇಷ್ಟಾದರೂ ಮಾಡೋಣ. ಈ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಶುಗರ್ ಇರುವವರನ್ನು ಕೇಳೋಣ: ರೆಟಿನಾ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು? ವರ್ಷ ದಾಟಿದ್ದರೆ ನಾವೇ ಕರೆದುಕೊಂಡು ಹೋಗೋಣ.