ತೈಲಕ್ಕೆ ಮುನ್ನ ಪರೀಕ್ಷೆ

‘ಶಸ್ತ್ರಚಿಕಿತ್ಸೆ ಸರಿಯಾಗಿದೆ ಎಂದರು, ನೋವು ಮಾತ್ರ ಹೋಗಲಿಲ್ಲ’ ಎಂದು ಕೆಲವು ಹಿರಿಯರು ನಮ್ಮಲ್ಲಿಗೆ ಬರುತ್ತಾರೆ. ಮೊಣಕಾಲಿನ ಭಾಗಶಃ ಕೀಲುಬದಲಾವಣೆಯಲ್ಲಿ ಸವೆದ ಒಂದು ಪಾರ್ಶ್ವವನ್ನು, ಸಾಮಾನ್ಯವಾಗಿ ಒಳಬದಿಯನ್ನು, ಮಾತ್ರ ಬದಲಿಸುತ್ತಾರೆ. ಆ ಬದಿಯಲ್ಲೇ, ಕೀಲಿನಿಂದ ಎರಡು-ಮೂರು ಬೆರಳು ಕೆಳಗೆ, ತೊಡೆಯಿಂದಿಳಿದ ಮೂರು ಸ್ನಾಯುರಜ್ಜುಗಳು ಕೆಳಗಾಲಿನ ಮೂಳೆಗೆ ಸೇರುತ್ತವೆ. ಕೃತಕ ಭಾಗದ ಅಂಚು ತುಸು ಹೊರಚಾಚಿದ್ದರೆ ಅಥವಾ ನಡಿಗೆ ಒಮ್ಮೆಲೇ ಹೆಚ್ಚಿದರೆ ಅವು ಕೆರಳಬಹುದು. ಮೆಟ್ಟಿಲೇರುವಾಗ ನೋವು ಬಾಧಿಸುತ್ತದೆ.

ಸುಶ್ರುತಾಚಾರ್ಯರು ಜಾನುವನ್ನು ವೈಕಲ್ಯಕರ ಮರ್ಮಗಳಲ್ಲಿ ಗಣಿಸಿದ್ದಾರೆ. ಅಲ್ಲಿ ಪೆಟ್ಟಾದರೆ ಕುಂಟುತನ ಬರುವುದೆಂದು ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ಮೊದಲು ಅನ್ವಯಿಸುವುದು ಆಯುರ್ವೇದ ವೈದ್ಯರಾದ ನಮಗೇ. ನೋವೆಂದೊಡನೆ ತೈಲ ಹಚ್ಚಿ ಬಲವಾಗಿ ತಿಕ್ಕುವುದು ಸಲ್ಲದೆಂಬುದು ನಮ್ಮ ದೃಢ ಅಭಿಪ್ರಾಯ. ಗಾಯ ಪೂರ್ಣವಾಗಿ ಮಾಯುವವರೆಗೆ, ಶಸ್ತ್ರಚಿಕಿತ್ಸಕರ ಒಪ್ಪಿಗೆ ದೊರೆಯುವವರೆಗೆ ಅಭ್ಯಂಗ, ಸ್ವೇದನ ಎರಡೂ ಬೇಡ.

ಜ್ವರ, ಕೆಂಪೇರಿದ ಊತ, ಕೀವು ಕಂಡರೆ ಸೋಂಕಿನ ಶಂಕೆ ಪಡಬೇಕು. ಕಾಲನ್ನು ನೇರವಾಗಿ ಚಾಚಿ ಎತ್ತುವುದು ಹಠಾತ್ತನೆ ಅಸಾಧ್ಯವಾದರೆ ಮಂಡಿಚಿಪ್ಪಿಗೆ ಸೇರಿದ ರಜ್ಜು ಹರಿದಿರಬಹುದು. ಇವೆರಡರಲ್ಲೂ ಅಂದೇ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಮನೆಮದ್ದಿನಲ್ಲಿ ಕಳೆದ ಒಂದೊಂದು ದಿನವೂ ನಷ್ಟವೇ. ಇಂತಹ ಲಕ್ಷಣಗಳಿಲ್ಲದೆ ಉಳಿಯುವ ನೋವಿಗೂ ಮೊದಲು ಎಕ್ಸ್-ರೇ ಸಹಿತ ಪರೀಕ್ಷೆಯಾಗಲಿ. ಕಾರಣ ರಜ್ಜುವಿನ ಕೆರಳಿಕೆಯೇ ಆಗಿದ್ದರೆ ವಿಶ್ರಾಂತಿ, ಫಿಸಿಯೋಥೆರಪಿ, ಮಿತವಾದ ನಡಿಗೆಯಿಂದ ಬಹುಮಟ್ಟಿಗೆ ಶಮನವಾಗುತ್ತದೆ.

ರೋಗಿಯನ್ನು ಸಕಾಲದಲ್ಲಿ ಸರಿಯಾದ ಕೈಗೆ ಒಪ್ಪಿಸುವುದೂ ವೈದ್ಯಧರ್ಮವೆಂದು ನಾವು ನಂಬಿದ್ದೇವೆ.