ಉರಿ ಹಾಕಿದವರೆಲ್ಲಿ?

ರೋಮಿನ ಕ್ಯಾರಕಲ್ಲ ಚಕ್ರವರ್ತಿಯ ಸ್ನಾನಗೃಹವನ್ನು ಜನ ಇಂದು ಟಿಕೇಟು ಕೊಂಡು ನೋಡಿ ಬರುತ್ತಾರೆ. ಕ್ರಿ.ಶ. 216ರಲ್ಲಿ ತೆರೆದ ಈ ಕಟ್ಟಡದಲ್ಲಿ ಏಕಕಾಲಕ್ಕೆ ಸುಮಾರು 1,600 ಮಂದಿ ಮೀಯಬಹುದಿತ್ತಂತೆ. ದೊರೆ ಬಡವನಿಗೂ ಬಿಸಿನೀರು ಕೊಟ್ಟನೆಂದು ಹೊಗಳುವವರುಂಟು. ಸುಳ್ಳೆನ್ನುವುದಿಲ್ಲ. ಆದರೆ ನೀರು ತಾನಾಗಿ ಕಾಯಿತೇ? ನೆಲದಡಿಯ ಸುರಂಗಗಳಲ್ಲಿ ಗುಲಾಮರು ಸೌದೆ ಸಾಗಿಸಿ ಒಲೆಗಳಿಗೆ ಒಟ್ಟಿದರು. ಬಾಯ್ಲರಿನ ಮುಂದೆ ನಿಂತ ಗಿರಣಿ ಬಂಧುಗಳಿಗೆ ಆ ಝಳವನ್ನು ನಾವು ವರ್ಣಿಸಬೇಕಿಲ್ಲ. ಅವರಲ್ಲಿ ಒಬ್ಬನ ಹೆಸರೂ ಕಟ್ಟಡಕ್ಕಿಲ್ಲ. ಉಳಿದದ್ದು ಒಡಹುಟ್ಟಿದ ತಮ್ಮನನ್ನೇ ಕೊಲ್ಲಿಸಿದ ಚಕ್ರವರ್ತಿಯ ಹೆಸರು!

537ರಲ್ಲಿ ಗೋಥರು ನೀರಿನ ಕಾಲುವೆ ಕಡಿದರು, ಸ್ನಾನ ನಿಂತಿತು. 1937ರಲ್ಲಿ ಮುಸೊಲಿನಿಯ ಕಾಲಕ್ಕೆ ಅಲ್ಲಿ ಸಂಗೀತ ನಾಟಕ ಶುರುವಾಯಿತು. ಪಾಳುಗೋಡೆ ಕಾಯುವುದಕ್ಕೆ ನಮ್ಮ ತಕರಾರಿಲ್ಲ. ನೋಡಹೋಗುವವರು ಮೊದಲು ಸುರಂಗಕ್ಕಿಳಿಯಲಿ, ಆಮೇಲೆ ಗೋಡೆಯತ್ತ ತಲೆಯೆತ್ತಲಿ.